ತುರ್ತು ಕಂಡೆನ್ಸರ್ ಓಡುವ ಸದ್ದು ಎಲ್ಲ ಶಿಫ್ಟಿನವರಿಗೂ ಕೇಳಿಸಲಿ: ಎಇಆರ್‌ಬಿಗೆ ಒಂದು ಬಹಿರಂಗ ಪತ್ರ

ಅಧ್ಯಕ್ಷರು ಮತ್ತು ಸದಸ್ಯರಿಗೆ,
ಪರಮಾಣು ಶಕ್ತಿ ನಿಯಂತ್ರಣ ಮಂಡಳಿ (ಎಇಆರ್‌ಬಿ),
ಅಣುಶಕ್ತಿನಗರ, ಮುಂಬೈ

ಮಾನ್ಯರೇ,

ಮಹಾರಾಷ್ಟ್ರದ ತಾರಾಪುರ ಅಣುಸ್ಥಾವರದ 1 ಮತ್ತು 2ನೇ ಘಟಕಗಳ ಬಗ್ಗೆ ನಿಮ್ಮಲ್ಲಿ ಒಂದು ಕೋರಿಕೆ. ಕೋರಿಕೆ ಎರಡು ಸಾಲಿನದು, ಕಾರಣ ಹೇಳಲು ಮಾತ್ರ ಸ್ವಲ್ಪ ಜಾಗ ಬೇಕು. ಆ ಘಟಕಗಳ ತುರ್ತು ಕಂಡೆನ್ಸರನ್ನು (ಕರೆಂಟು ಹೋದಾಗ ಪಂಪಿಲ್ಲದೆ ರಿಯಾಕ್ಟರ್ ತಣಿಸುವ ವ್ಯವಸ್ಥೆ) ಬಿಸಿ ರಿಯಾಕ್ಟರಿನ ಮೇಲೆ ನಿಜವಾಗಿ ಓಡಿಸಿ, ಪ್ರತಿ ಶಿಫ್ಟಿನ ಆಪರೇಟರುಗಳೂ ಅದನ್ನು ಕಣ್ಣಾರೆ ನೋಡುವಂತೆ ಮಾಡಿ. ಆಮೇಲೆ ಏನು ಕಂಡಿತು ಅನ್ನುವುದನ್ನು ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಪ್ರಕಟಿಸಿ. ಇದೆಲ್ಲ ಈಗಾಗಲೇ ನಡೆಯುತ್ತಿದ್ದರೆ ಸಂತೋಷ, ಪ್ರಕಟಿಸುವುದೊಂದೇ ಬಾಕಿ.

ನಾನು ಉತ್ತರ ಕನ್ನಡ ಜಿಲ್ಲೆಯವನು. ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಹೀಟ್ ಟ್ರಾನ್ಸ್‌ಫರ್ ಪಾಠ ಮಾಡುತ್ತೇನೆ. ಅಣುಸ್ಥಾವರ ಬೇಕೋ ಬೇಡವೋ ಎಂಬ ಜಗಳಕ್ಕಾಗಿ ಇದನ್ನು ಬರೆಯುತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ಆ ಜಗಳ ಕೈಗಾ ಶುರುವಾದಾಗಿನಿಂದ ನಡೆದಿದೆ, ಎರಡೂ ಕಡೆಯ ವಾದ ಎಲ್ಲರಿಗೂ ಬಾಯಿಪಾಠ. ನನ್ನದು ಒಂದು ತೊಟ್ಟಿ, ನಾಲ್ಕಾರು ವಾಲ್ವ್‌ಗಳ ವಿಷಯ.

ದೇಶದಲ್ಲಿ ಕುದಿನೀರಿನ ರಿಯಾಕ್ಟರ್, ಅಂದರೆ ಇಂಧನದ ಸುತ್ತಲಿನ ನೀರೇ ಕುದಿದು ಟರ್ಬೈನಿಗೆ ಹಬೆಯಾಗುವಂಥದು, ಇರುವುದು ತಾರಾಪುರದಲ್ಲಿ ಮಾತ್ರ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಟ್ಟಿಕೊಟ್ಟಿದ್ದು, 1969ರ ಅಕ್ಟೋಬರ್‌ನಲ್ಲಿ ಕೆಲಸ ಶುರು ಮಾಡಿದ್ದು. ಮೊದಲು ಒಂದೊಂದೂ 210 ಮೆಗಾವ್ಯಾಟ್ ಇತ್ತು, ಆಮೇಲೆ 160ಕ್ಕೆ ಇಳಿಸಿದರು. 2020ರಲ್ಲಿ ನವೀಕರಣಕ್ಕೆಂದು ಎರಡನ್ನೂ ನಿಲ್ಲಿಸಲಾಯಿತು. ಇಷ್ಟು ಹಳೆಯ ಯಂತ್ರಕ್ಕೆ ಇನ್ನೂ ಆಯುಸ್ಸು ಕೊಡುವುದು ಸರಿಯೇ ಎಂದು ಕೇಳುವವರಿದ್ದಾರೆ, ಕೇಳಲಿ. ನನಗೆ ವಯಸ್ಸಿಗಿಂತ ಜಾಸ್ತಿ ಚಿಂತೆ ಇರುವುದು ಅಭ್ಯಾಸದ ಬಗ್ಗೆ.

ರಿಯಾಕ್ಟರ್ ಆಫ್ ಮಾಡಿದರೆ ಅದು ಪೂರ್ತಿ ಆಫ್ ಆಗುವುದಿಲ್ಲ ಅನ್ನುವುದು ನಿಮಗೆ ಗೊತ್ತಿದೆ. ಇದನ್ನು ಓದುತ್ತಿರುವ ಬೇರೆಯವರಿಗಾಗಿ ಹೇಳುತ್ತೇನೆ. ಕಂಟ್ರೋಲ್ ರಾಡ್ ಒಳಗೆ ಹೋದ ಕ್ಷಣ ಯುರೇನಿಯಂ ಒಡೆಯುವುದು ನಿಲ್ಲುತ್ತದೆ. ಆದರೆ ಅಷ್ಟರೊಳಗೆ ಒಡೆದ ಚೂರುಗಳು ವಿಕಿರಣ ಹೊರಹಾಕುತ್ತಲೇ ಇರುತ್ತವೆ, ಆ ಶಾಖಕ್ಕೆ ಸ್ವಿಚ್ ಇಲ್ಲ. ನಿಲ್ಲಿಸಿದ ಕೂಡಲೇ ಅದು ಪೂರ್ಣ ಶಾಖದ ನೂರಕ್ಕೆ 6-7 ಪಾಲು ಇರುತ್ತದೆ. ಒಂದು ಗಂಟೆ ಕಳೆದರೆ ಸುಮಾರು ಒಂದೂವರೆ ಪಾಲು. ಒಂದು ದಿನ ಕಳೆದರೆ ಹೆಚ್ಚುಕಡಿಮೆ ಅರ್ಧ ಪಾಲು.

ಅರ್ಧ ಪಾಲು ಅಂದರೆ ಎಷ್ಟು? ತಾರಾಪುರದ ಒಂದು ಘಟಕದ ಒಟ್ಟು ಶಾಖ ಸುಮಾರು 530 ಮೆಗಾವ್ಯಾಟ್ ಎಂದಿಟ್ಟುಕೊಂಡರೆ, ನಿಲ್ಲಿಸಿದ ಮಾರನೆಯ ದಿನ ಉಳಿಯುವುದು ಎರಡೂವರೆ ಮೆಗಾವ್ಯಾಟ್‌ಗಿಂತ ಸ್ವಲ್ಪ ಜಾಸ್ತಿ. ಒಂದು ಕಿಲೋ ತಣ್ಣೀರನ್ನು ಕುದಿಸಿ ಪೂರ್ತಿ ಹಬೆ ಮಾಡಲು ಸುಮಾರು 2,600 ಕಿಲೋಜೂಲ್ ಬೇಕು. ಭಾಗಿಸಿ ನೋಡಿ: ಸೆಕೆಂಡಿಗೆ ಒಂದು ಲೀಟರ್ ನೀರು, ಗಂಟೆಗೆ 4,000 ಲೀಟರಿನ ಒಳಗೆ. ಬೇಸಿಗೆಯಲ್ಲಿ ನಮ್ಮೂರಿನ ಬೀದಿಗೆ ಬರುವ ಟ್ಯಾಂಕರ್ ಸಾಕು. ವಿದ್ಯಾರ್ಥಿಗಳು ಈ ಲೆಕ್ಕ ಮಾಡಿ ಪ್ರತಿ ವರ್ಷವೂ ಕೇಳುವ ಪ್ರಶ್ನೆ ಒಂದೇ: ಇಷ್ಟೇ ನೀರು ಸಾಕಾದರೆ ಫುಕುಶಿಮಾದಲ್ಲಿ ಯಾಕೆ ಆಗಲಿಲ್ಲ ಸರ್? ಪಕ್ಕದಲ್ಲೇ ಸಮುದ್ರ ಇತ್ತಲ್ವಾ?

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಸಿಗುವುದೇ 2011ರಲ್ಲಿ ಅಪಘಾತವಾದ ಜಪಾನಿನ ಫುಕುಶಿಮಾ ದಾಯಿಚಿ ಸ್ಥಾವರದ 1ನೇ ಘಟಕದ ಕಥೆ. ಅದೂ ಜನರಲ್ ಎಲೆಕ್ಟ್ರಿಕ್‌ನದೇ ಕುದಿನೀರಿನ ರಿಯಾಕ್ಟರ್, 460 ಮೆಗಾವ್ಯಾಟ್, 1971ರದು. ತಾರಾಪುರದ ಹಾಗೆ ಅದಕ್ಕೂ ಪಂಪ್ ಬೇಡದ ಕಂಡೆನ್ಸರ್ ಇತ್ತು. ತಾರಾಪುರದಲ್ಲಿ ಅಂಥ ಕಂಡೆನ್ಸರ್ ಇದೆ, ಹಾಗಾಗಿ ಭಯವಿಲ್ಲ ಎಂದು ಯಾರಾದರೂ ಹೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ 1ನೇ ಘಟಕ.

ಆ ಕಂಡೆನ್ಸರ್ ನಿಜಕ್ಕೂ ಚೆಂದದ ವ್ಯವಸ್ಥೆ. ಕಟ್ಟಡದ ಮೇಲ್ಭಾಗದಲ್ಲಿ ದೊಡ್ಡ ನೀರಿನ ತೊಟ್ಟಿ. ತೊಟ್ಟಿಯೊಳಗೆ ಮುಳುಗಿದ ಕೊಳವೆಗಳ ಗೊಂಚಲು. ರಿಯಾಕ್ಟರಿನ ಹಬೆ ತಾನಾಗಿಯೇ ಮೇಲೇರಿ ಆ ಕೊಳವೆಗಳೊಳಗೆ ಬರುತ್ತದೆ, ತಣಿದು ನೀರಾಗುತ್ತದೆ, ತನ್ನ ಭಾರಕ್ಕೆ ತಾನೇ ಇಳಿದು ರಿಯಾಕ್ಟರಿಗೆ ವಾಪಸ್ ಸೇರುತ್ತದೆ. ತೊಟ್ಟಿಯ ನೀರು ಕುದಿದು ಗೋಡೆಯ ತೂತುಗಳಿಂದ ಹೊರಗೆ ಹೋಗುತ್ತದೆ, ಅದರಲ್ಲಿ ರಿಯಾಕ್ಟರಿನ ನೀರು ಬೆರೆಯುವುದಿಲ್ಲ. ಪಂಪ್ ಇಲ್ಲ, ಟರ್ಬೈನ್ ಇಲ್ಲ. ದಾರಿಯ ವಾಲ್ವ್‌ಗಳು ತೆರೆದಿರಬೇಕು, ಅಷ್ಟೇ. ಎಲ್ಲ ಕಥೆಯೂ ಈ ‘ಅಷ್ಟೇ’ಯೊಳಗೆ ಇದೆ.

2011ರ ಮಾರ್ಚ್ 11, ಮಧ್ಯಾಹ್ನ 2.46ಕ್ಕೆ ಭೂಕಂಪ. ರಿಯಾಕ್ಟರ್ ತಾನಾಗಿಯೇ ನಿಂತಿತು. 2.52ಕ್ಕೆ ಕಂಡೆನ್ಸರ್ ಕೂಡ ತಾನಾಗಿಯೇ ಶುರುವಾಯಿತು. ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ ರಿಯಾಕ್ಟರ್ ಬೇಗ ಬೇಗ ತಣಿಯತೊಡಗಿತು. ಗಂಟೆಗೆ 55 ಡಿಗ್ರಿಗಿಂತ ವೇಗವಾಗಿ ತಣಿಸಬಾರದು ಅಂತ ನಿಯಮ, ದಪ್ಪ ಉಕ್ಕಿನ ಪಾತ್ರೆಗೆ ಒಳ್ಳೆಯದಲ್ಲ. ಹಾಗಾಗಿ 3.03ರ ಹೊತ್ತಿಗೆ ಆಪರೇಟರುಗಳು ಅದನ್ನು ನಿಲ್ಲಿಸಿದರು. ಆಮೇಲೆ ಅಲ್ಲಿದ್ದ ಎರಡು ಕಂಡೆನ್ಸರುಗಳಲ್ಲಿ ಒಂದನ್ನು ಮಾತ್ರ ಆಗಾಗ ತೆರೆದು ಮುಚ್ಚುತ್ತಿದ್ದರು. ಪುಸ್ತಕದ ಪ್ರಕಾರ ಸರಿಯಾಗಿಯೇ ಮಾಡಿದರು. ಅಷ್ಟರಲ್ಲಿ ಸುನಾಮಿ ಬಂತು. ವಾಲ್ವ್ ಮುಚ್ಚಿದ್ದ ಹೊತ್ತಿನಲ್ಲೇ ಕರೆಂಟು ಹೋಯಿತು. ಬ್ಯಾಟರಿಯೂ ಮುಳುಗಿತು. ಕಂಟ್ರೋಲ್ ರೂಮಿನಲ್ಲಿ ಒಂದೊಂದೇ ದೀಪ ಆರುತ್ತಾ ಬಂದು ಪೂರ್ತಿ ಕತ್ತಲೆ.

ಇಲ್ಲಿ ಇನ್ನೊಂದು ಸಿಕ್ಕು. ಆ ಕಂಡೆನ್ಸರ್ ಪೈಪು ಎಲ್ಲಾದರೂ ಒಡೆದರೆ ವಿಕಿರಣದ ಹಬೆ ಹೊರಗೆ ನುಗ್ಗುತ್ತದೆ. ಅದನ್ನು ಪತ್ತೆ ಮಾಡಲು ಒಂದು ಸರ್ಕ್ಯೂಟ್. ಆ ಸರ್ಕ್ಯೂಟಿಗೆ ಕರೆಂಟು ಹೋದರೆ ಪೈಪು ಒಡೆದಿದೆ ಎಂದೇ ತಿಳಿದು ವಾಲ್ವ್‌ಗಳನ್ನು ಮುಚ್ಚು ಅಂತ ಅದು ಹೇಳುತ್ತದೆ. ಸುರಕ್ಷತೆಗಾಗಿಯೇ ಹಾಗೆ ಮಾಡಿದ್ದು. ಆದರೆ ಕರೆಂಟು ಹೋದಾಗ ಉಪಯೋಗಕ್ಕೆ ಬರಲಿ ಎಂದು ಇಟ್ಟ ಕಂಡೆನ್ಸರ್, ಕರೆಂಟು ಹೋದ ಕಾರಣಕ್ಕೇ ಮುಚ್ಚಿಕೊಳ್ಳುವ ಏರ್ಪಾಡಾಯಿತು. ಒಳಗಡೆಯ ವಾಲ್ವ್‌ಗಳು ಎಸಿ ಕರೆಂಟಿನವು. ಅವು ಎಷ್ಟು ಮುಚ್ಚಿದವು, ಎಷ್ಟು ತೆರೆದೇ ಉಳಿದವು ಅನ್ನುವುದು ಕಂಟ್ರೋಲ್ ರೂಮಿನಲ್ಲಿದ್ದವರಿಗೆ ತಿಳಿಯುವ ದಾರಿಯೇ ಇರಲಿಲ್ಲ.

ನನ್ನನ್ನು ಕಾಡುವುದು ಇದರ ಮುಂದಿನ ಭಾಗ. ಕಂಡೆನ್ಸರ್ ಓಡುತ್ತಿದೆಯೋ ಇಲ್ಲವೋ ತಿಳಿಯಲು ಜನ ಗೋಡೆಯ ಆ ಎರಡು ತೂತುಗಳ ಕಡೆ ನೋಡಿದರು. ಅಲ್ಲಿನ ಸಿಬ್ಬಂದಿ ಅದನ್ನು ‘ಹಂದಿ ಮೂಗು’ ಅನ್ನುತ್ತಿದ್ದರು. ಅಲ್ಲಿಂದ ಸ್ವಲ್ಪ ಹಬೆ ಆಡುತ್ತಿರುವುದು ಕಂಡಿತು. ಸರಿ, ಓಡುತ್ತಿದೆ ಅಂದುಕೊಂಡರು. ನಿಜಕ್ಕೂ ಓಡುವಾಗ ಅಲ್ಲಿಂದ ಹಬೆ ಭೋರ್ಗರೆದು ನುಗ್ಗುತ್ತದೆ. ನೋಡಿದವರಿಗೆ ಅದು ಹೇಗಿರುತ್ತದೆ ಅಂತ ಗೊತ್ತಿರಲಿಲ್ಲ. ಆ ದಿನಕ್ಕೆ ಮೊದಲು ಕಂಡೆನ್ಸರನ್ನು ನಿಜವಾಗಿ ಓಡಿಸಿದ ಅನುಭವ ಶಿಫ್ಟಿನಲ್ಲಿದ್ದ ಯಾರಿಗೂ ಇರಲಿಲ್ಲ ಎಂದು ಜಪಾನ್ ಸರ್ಕಾರವೇ ನೇಮಿಸಿದ ತನಿಖಾ ಸಮಿತಿ ಹೇಳಿತು. ಸ್ಥಾವರದ ಮುಖ್ಯಸ್ಥ ಮಸಾವೊ ಯೋಶಿದಾ ಕೂಡ ಸಂಜೆಯೆಲ್ಲ ಅದು ಓಡುತ್ತಿದೆ ಎಂದೇ ನಂಬಿದ್ದರು. ರಾತ್ರಿ 9 ಗಂಟೆ ದಾಟಿದ ಮೇಲೆ ನೀರಿನ ಮಟ್ಟ ತೋರಿಸುವ ಮೀಟರ್ ಒಂದು ಜೀವ ಪಡೆಯಿತು, ಇಂಧನದ ಮೇಲೆ ಇನ್ನೂ 20 ಸೆಂಟಿಮೀಟರ್ ನೀರಿದೆ ಅಂದಿತು. ಅದೂ ಸುಳ್ಳು. ಮೀಟರಿನ ಪೈಪಿನೊಳಗಿನ ನೀರೇ ಆವಿಯಾಗಿ ಲೆಕ್ಕ ತಪ್ಪಿತ್ತು. 11.50ರ ಸುಮಾರಿಗೆ ಕಂಟೈನ್‌ಮೆಂಟ್ (ರಿಯಾಕ್ಟರನ್ನು ಸುತ್ತುವರಿದ ಕವಚ) ಒತ್ತಡ 6 ಪಟ್ಟು ವಾತಾವರಣದಷ್ಟಾಗಿದೆ ಎಂದು ತಿಳಿದಾಗಲೇ ಅವರಿಗೆ ವಾಸ್ತವ ಗೊತ್ತಾದದ್ದು. ಲೆಕ್ಕಾಚಾರದ ಪ್ರಕಾರ ಅಷ್ಟೊತ್ತಿಗಾಗಲೇ ಇಂಧನ ಹಾಳಾಗಲು ಶುರುವಾಗಿ ಗಂಟೆಗಳೇ ಕಳೆದಿದ್ದವು. ಭೂಕಂಪವಾದ 4 ಗಂಟೆಯ ಸುಮಾರಿಗೇ ಅದು ಶುರುವಾಗಿತ್ತು.

ತೊಟ್ಟಿಯಲ್ಲಿ ನೀರಿತ್ತು. ಕೊಳವೆ ಇತ್ತು. ಓಡುತ್ತಿಲ್ಲ ಎಂದು ಗುರುತಿಸುವ ಕಣ್ಣು, ಕಿವಿ ಇರಲಿಲ್ಲ.

ತಡವಾದರೇನು, ಆಮೇಲೆ ನೀರು ಸುರಿದರಾಯಿತು ಅನ್ನುವವರಿಗೆ ನನ್ನ ಕ್ಲಾಸಿನ ಒಂದು ಉದಾಹರಣೆ. ದೋಸೆ ಕಾವಲಿ ಹದವಾಗಿ ಕಾದಿದ್ದಾಗ ನೀರು ಚಿಮುಕಿಸಿದರೆ ಚುಂಯ್ ಎಂದು ಒಂದೇ ಕ್ಷಣಕ್ಕೆ ಆವಿಯಾಗುತ್ತದೆ. ಅತಿಯಾಗಿ ಕಾದಿದ್ದರೆ ಅದೇ ನೀರು ಮಣಿಯಾಗಿ ಕಾವಲಿಯ ಮೇಲೆಲ್ಲ ಓಡಾಡುತ್ತದೆ, ಬೇಗ ಆರುವುದೇ ಇಲ್ಲ. ಹನಿಗೂ ಕಬ್ಬಿಣಕ್ಕೂ ನಡುವೆ ಹಬೆಯ ತೆಳು ಪದರ ಬಂದು ಕೂತಿರುತ್ತದೆ. ರಿಯಾಕ್ಟರಿನ ಇಂಧನ ಕೊಳವೆಗೂ ಇದೇ ನಿಯಮ. ಮಾಮೂಲಿ ದಿನಗಳಲ್ಲಿ ವಾತಾವರಣದ 70 ಪಟ್ಟು ಒತ್ತಡದಲ್ಲಿ, 285 ಡಿಗ್ರಿಯಲ್ಲಿ ನೀರು ಅದನ್ನು ಮುಟ್ಟಿಕೊಂಡೇ ಕುದಿಯುತ್ತದೆ, ಲೋಹ ಆ ನೀರಿಗಿಂತ ಸ್ವಲ್ಪವೇ ಬಿಸಿ ಇರುತ್ತದೆ. ನೀರಿನ ಮಟ್ಟ ಇಳಿದು ಕೊಳವೆ ಒಣಗಿತೋ, ಶಾಖ ಹೊರಹೋಗುವ ದಾರಿ ಕಟ್ಟಿತು. ಆಮೇಲೆ ಮೇಲಿನಿಂದ ಸ್ಪ್ರೇ ಮಾಡಿದ ನೀರು ಲೋಹವನ್ನು ಮುಟ್ಟುವುದಿಲ್ಲ. ಒದ್ದೆಯಾದ ಅಂಚು ಇಂಚಿಂಚಾಗಿ ಮುಂದೆ ಸರಿಯಬೇಕು. ಮೇಲಾಗಿ ಕೆಳಗಿನಿಂದ ರಭಸವಾಗಿ ಏಳುವ ಹಬೆ ಸ್ಪ್ರೇ ನೀರನ್ನು ಕೆಳಗಿಳಿಯಲು ಬಿಡುವುದಿಲ್ಲ.

ಅಮೆರಿಕದವರು ಈ ವಿಷಯದಲ್ಲಿ ಎಪ್ಪತ್ತರ ದಶಕದ ಮೊದಲಲ್ಲಿ ದೀರ್ಘ ವಿಚಾರಣೆಯನ್ನೇ ನಡೆಸಿದರು. ಕೊನೆಗೆ 1974ರಲ್ಲಿ ಒಂದು ಗೆರೆ ಎಳೆದರು: ಏನೇ ಆಗಲಿ, ಇಂಧನದ ಹೊದಿಕೆ 1,204 ಡಿಗ್ರಿ ದಾಟಬಾರದು. ಯಾಕೆಂದರೆ ಆ ಮಟ್ಟದ ಬಿಸಿಯಲ್ಲಿ ಹೊದಿಕೆಯ ಲೋಹವಾದ ಜಿರ್ಕೋನಿಯಂ ಹಬೆಯ ಜೊತೆ ಸೇರಿ ತಾನೇ ಉರಿಯತೊಡಗುತ್ತದೆ, ಉಳಿಕೆ ಶಾಖದ ಜೊತೆಗೆ ಈ ಹೊಸ ಶಾಖವೂ ಸೇರುತ್ತದೆ. ಜೊತೆಗೆ ಹೈಡ್ರೋಜನ್ ಬಿಡುಗಡೆಯಾಗುತ್ತದೆ. ಫುಕುಶಿಮಾದಲ್ಲಿ ಭೂಕಂಪದ ಮಾರನೆಯ ದಿನ ಮಧ್ಯಾಹ್ನ 3.36ಕ್ಕೆ 1ನೇ ಘಟಕದ ಛಾವಣಿ ಹಾರಿಸಿದ್ದು ಈ ಹೈಡ್ರೋಜನ್ನೇ.

ಇನ್ನೊಂದು ಮಾತಿದೆ, ಅಷ್ಟಾಗಿ ಚರ್ಚೆಯಾಗದ್ದು. ಹಬೆ ಕೊಳವೆಯೊಳಗೆ ತಣಿದು ನೀರಾಗುವಾಗ ಶಾಖ ತುಂಬಾ ಸಲೀಸಾಗಿ ದಾಟುತ್ತದೆ. ಆದರೆ ಹಬೆಯ ಜೊತೆ ತಣಿಯದ ಅನಿಲ ಸೇರಿದರೆ ಅದು ಕೊಳವೆಯ ಗೋಡೆಗೆ ಗುಂಪುಗೂಡಿ ಹಬೆಯನ್ನು ದೂರ ತಳ್ಳುತ್ತದೆ. ನೂರಕ್ಕೆ ಅರ್ಧ ಪಾಲು ಗಾಳಿ ಸೇರಿದರೂ ಶಾಖ ದಾಟುವುದು ಅರ್ಧಕ್ಕೆ ಕುಸಿಯುತ್ತದೆ ಎಂದು 1929ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಅಂದರೆ ಒಳಗೆ ಹೈಡ್ರೋಜನ್ ಹುಟ್ಟಿದ ಮೇಲೆ ವಾಲ್ವ್ ತೆರೆದರೂ ಆ ಕಂಡೆನ್ಸರ್ ಮೊದಲಿನ ಕಂಡೆನ್ಸರ್ ಆಗಿರುವುದಿಲ್ಲ. ಮೊದಲ ಗಂಟೆಗಳಲ್ಲಿ ಓಡಿದರೆ ಓಡಿದ ಹಾಗೆ.

ಫುಕುಶಿಮಾದ 2 ಮತ್ತು 3ನೇ ಘಟಕಗಳಲ್ಲಿ ಹಬೆಯಿಂದಲೇ ತಿರುಗುವ ಪಂಪುಗಳಿದ್ದವು, ಒಂದಿಷ್ಟು ಕಾಲ ದೂಡಿದವು. 2ನೆಯದರಲ್ಲಿ ಬ್ಯಾಟರಿ ಇಲ್ಲದೆಯೂ ಸುಮಾರು 70 ಗಂಟೆ ತಿರುಗಿತು ಅನ್ನುವುದು ಈಗಲೂ ಅಚ್ಚರಿಯೇ. ಆದರೆ ಅವು ನಿಂತ ಮೇಲೆ ಅಲ್ಲೂ ಅದೇ ಕಷ್ಟ. ಅಗ್ನಿಶಾಮಕ ವಾಹನದ ಪಂಪು ಆ ಒತ್ತಡದ ವಿರುದ್ಧ ನೀರು ದೂಡಲಾರದು. ಮೊದಲು ರಿಲೀಫ್ ವಾಲ್ವ್ ತೆರೆದು ಒತ್ತಡ ಇಳಿಸಬೇಕು, ಅದಕ್ಕೆ ಬ್ಯಾಟರಿ ಬೇಕು. ಸಿಬ್ಬಂದಿ ತಮ್ಮ ಕಾರುಗಳ ಬ್ಯಾಟರಿ ಬಿಚ್ಚಿ ತಂದು, ಹತ್ತನ್ನು ಸಾಲಾಗಿ ಜೋಡಿಸಿ 120 ವೋಲ್ಟ್ ಮಾಡಿಕೊಂಡರು. ನೀರೂ ಸುರಿದರು. ಸುರಿದ ನೀರಿನಲ್ಲಿ ಒಂದು ಪಾಲು ಅಡ್ಡ ಪೈಪುಗಳ ದಾರಿ ಹಿಡಿದು ಬೇರೆಲ್ಲೋ ಹೋಗಿತ್ತು ಎಂದು ಸ್ಥಾವರ ನಡೆಸುವ ಕಂಪನಿ ಟೆಪ್ಕೊ ಹೇಳಿದ್ದು 2013ರ ಡಿಸೆಂಬರ್‌ನಲ್ಲಿ. ಟ್ಯಾಂಕರ್ ಲೆಕ್ಕ ಮಾಡುವ ನನ್ನ ವಿದ್ಯಾರ್ಥಿಗಳಿಗೆ ಇದೇ ಉತ್ತರ. ಸಮುದ್ರ ಪಕ್ಕದಲ್ಲೇ ಇತ್ತು. ಸೆಕೆಂಡಿಗೆ ಕೆಲವೇ ಲೀಟರ್ ಸಾಕಿತ್ತು. ಆ ಲೀಟರುಗಳು ಸರಿಯಾದ ಹೊತ್ತಿಗೆ ಸರಿಯಾದ ಜಾಗ ತಲುಪಲಿಲ್ಲ.

ಕತ್ತಲೆಯಲ್ಲಿ ರಿಯಾಕ್ಟರ್ ತಣಿಸಿದ ಅನುಭವ ನಮ್ಮ ದೇಶಕ್ಕೂ ಇದೆ. 1993ರ ಮಾರ್ಚ್ 31ರ ಬೆಳಗಿನ ಜಾವ ಉತ್ತರ ಪ್ರದೇಶದ ನರೋರಾದಲ್ಲಿ ಟರ್ಬೈನಿನ ಎರಡು ಬ್ಲೇಡ್ ಮುರಿದು ಬೆಂಕಿ ಹತ್ತಿತು. ಕೇಬಲ್‌ಗಳು ಸುಟ್ಟು ಬದಲಿ ಕರೆಂಟೂ ಕೈಕೊಟ್ಟಿತು. ಕಂಟ್ರೋಲ್ ರೂಮಿಗೆ ಹೊಗೆ ತುಂಬಿ ಎಲ್ಲರೂ ಹೊರಗೆ ಬರಬೇಕಾಯಿತು. 17 ಗಂಟೆ ಕರೆಂಟಿಲ್ಲ. ಡೀಸೆಲ್ ಪಂಪಿನಿಂದ ಸ್ಟೀಮ್ ಜನರೇಟರುಗಳಿಗೆ ಬೆಂಕಿ ಆರಿಸುವ ನೀರನ್ನು ಬಿಟ್ಟರು, ಒಳಗಿನ ನೀರು ತಾನಾಗಿಯೇ ಸುತ್ತಿ ಶಾಖವನ್ನು ಹೊರತಂದಿತು. ಕೆಲವರು ಟಾರ್ಚ್ ಹಿಡಿದು ಮೇಲೆ ಹತ್ತಿ ಕೈಯಿಂದಲೇ ವಾಲ್ವ್ ತಿರುಗಿಸಿ, ರಿಯಾಕ್ಟರ್ ಮತ್ತೆ ಶುರುವಾಗದಂತೆ ಬೋರಾನ್ ಬಿಟ್ಟರು. ಹಾಗೆ ಹೋದವರಿಗೆ ಎಲ್ಲಿ ಯಾವ ವಾಲ್ವ್ ಇದೆ ಅಂತ ಗೊತ್ತಿತ್ತು. ನರೋರಾ ಕುದಿನೀರಿನ ರಿಯಾಕ್ಟರ್ ಅಲ್ಲ, ನಿಜ. ಶಾಖ ಹೊರಹೋಗುವ ದಾರಿಯನ್ನು ಬಲ್ಲ ಜನ ಅಲ್ಲಿದ್ದರು ಅನ್ನುವುದಷ್ಟೇ ನನ್ನ ಮಾತು.

ಫುಕುಶಿಮಾ ಆದ ಮೇಲೆ ನಿಮ್ಮ ಮಂಡಳಿ ಸುಮ್ನೆ ಕೂತಿರಲಿಲ್ಲ ಅನ್ನುವುದನ್ನೂ ಬಲ್ಲೆ. ಅದೇ ವರ್ಷ ಸಮಿತಿ ಮಾಡಿದಿರಿ. ಹೊರಗಿನಿಂದ ನೀರು ಕೊಡಲು ಹುಕ್-ಅಪ್ ಪಾಯಿಂಟುಗಳು, ಸಾಗಿಸಬಹುದಾದ ಡೀಸೆಲ್ ಜನರೇಟರುಗಳು, ತಾರಾಪುರದ ಕಂಟೈನ್‌ಮೆಂಟಿಗೆ ಹೈಡ್ರೋಜನ್ ಉರಿಯದಂತೆ ಸಾರಜನಕ ತುಂಬುವುದು, ಇವೆಲ್ಲ ಆಗಿನ ಶಿಫಾರಸುಗಳಲ್ಲಿದ್ದವು. ಅದಕ್ಕೂ ಮೊದಲೇ 2005-06ರಲ್ಲಿ ತಾರಾಪುರಕ್ಕೆ ಹೊಸ ಡೀಸೆಲ್ ಜನರೇಟರುಗಳು ಬಂದಿದ್ದವು. ಸಾಮಾನು ಕೂಡಿಸುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಆದರೆ ಫುಕುಶಿಮಾದ 1ನೇ ಘಟಕ ಸೋತದ್ದು ಸಾಮಾನಿನ ಕೊರತೆಯಿಂದಲೇ ಅಂತ ಹೇಳಲು ನನಗೆ ಆಗುವುದಿಲ್ಲ.

ಹಾಗಾಗಿ ನೀವು ಪ್ರಕಟಿಸಬೇಕಾದ್ದು ಇಷ್ಟು. ಬ್ಯಾಟರಿಯೂ ಸತ್ತಾಗ ತಾರಾಪುರದ ತುರ್ತು ಕಂಡೆನ್ಸರ್ ವಾಲ್ವ್‌ಗಳು ತೆರೆದೇ ಉಳಿಯುತ್ತವೆಯೋ, ಮುಚ್ಚುತ್ತವೆಯೋ, ಇದ್ದ ಹಾಗೇ ನಿಲ್ಲುತ್ತವೆಯೋ? ಮುಚ್ಚಿದರೆ ಕೈಯಿಂದ ತೆರೆಯಬಹುದೇ, ಆ ಜಾಗಕ್ಕೆ ಟಾರ್ಚ್ ಹಿಡಿದು ಹೋಗಲು ಎಷ್ಟು ನಿಮಿಷ ಬೇಕು, ಯಾರಾದರೂ ಹೋಗಿ ನೋಡಿದ್ದಾರೆಯೇ? ಹುಕ್-ಅಪ್ ಪಾಯಿಂಟಿನಿಂದ ಬಿಟ್ಟ ನೀರು ಅಡ್ಡದಾರಿ ಹಿಡಿಯದೆ ರಿಯಾಕ್ಟರನ್ನೇ ಸೇರುತ್ತದೆ ಎಂದು ಅಳೆದು ನೋಡಿದ್ದಾರೆಯೇ? ರಿಲೀಫ್ ವಾಲ್ವ್ ತೆರೆಯಲು ಬೇರೆ ಬ್ಯಾಟರಿ ಇದೆಯೇ, ಅಥವಾ ನಮ್ಮವರೂ ಪಾರ್ಕಿಂಗ್ ಕಡೆ ಓಡಬೇಕೇ?

ನಕ್ಷೆ ಕೇಳುತ್ತಿಲ್ಲ. ಭದ್ರತೆಯ ದೃಷ್ಟಿಯಿಂದ ಹೇಳಬಾರದ್ದನ್ನು ಹೇಳಬೇಡಿ. ಯಾವ ಕೋಣೆಯ ಯಾವ ಮೂಲೆ ಎಂದು ನನಗೆ ಬೇಡ. ಜಪಾನಿನವರು ತಮ್ಮ ಸೋಲನ್ನು ನಿಮಿಷ ನಿಮಿಷದ ಲೆಕ್ಕದಲ್ಲಿ ಜಗತ್ತಿಗೆ ಬಿಚ್ಚಿಟ್ಟಿದ್ದಾರೆ. ಈ ಪತ್ರದಲ್ಲಿರುವ ಗಂಟೆ, ನಿಮಿಷಗಳೆಲ್ಲ ಹಾಗೆ ಸಿಕ್ಕಿದವು. ಸೋತ ಮೇಲೆ ಅಷ್ಟು ಹೇಳಬಹುದಾದರೆ, ಪರೀಕ್ಷೆ ಪಾಸಾದ ಸುದ್ದಿಯನ್ನು ಹೇಳಲು ನಮಗೇನು ಅಡ್ಡಿ?

ಕಂಡೆನ್ಸರ್ ಓಡಿಸಿದರೆ ಬಿಸಿಯ ಏರುಪೇರಿನಿಂದ ಕೊಳವೆಗಳಿಗೆ, ಪಾತ್ರೆಗೆ ಸವಕಳಿ ಅನ್ನುವ ಆಕ್ಷೇಪ ಬರುತ್ತದೆ. ತೂಕವಿರುವ ಆಕ್ಷೇಪವೇ. ತಿಂಗಳಿಗೊಮ್ಮೆ ಓಡಿಸಿ ಅನ್ನುತ್ತಿಲ್ಲ. ಇಂಧನ ಬದಲಿಸಲು ಹೇಗೂ ನಿಲ್ಲಿಸುತ್ತೀರಿ, ಆಗ ತೊಟ್ಟಿ ಕುದಿಯುವಷ್ಟು ಹೊತ್ತು ಓಡಿಸಿದರೆ ಸದ್ದು ಕೇಳುತ್ತದೆ. ಆ ಹೊತ್ತಿಗೆ ರಜೆಯಲ್ಲಿರುವ ಶಿಫ್ಟಿನವರನ್ನೂ ಕರೆಸಿ ಅಂಗಳದಲ್ಲಿ ನಿಲ್ಲಿಸಿ. ಸಿಮ್ಯುಲೇಟರಿನ ಪರದೆಯಲ್ಲಿ ದೀಪ ಹಸಿರಾಗುವುದು ಬೇರೆ, ಗೋಡೆಯಿಂದ ಹಬೆ ನುಗ್ಗುವುದನ್ನು ನೋಡುವುದು ಬೇರೆ. ಒಂದು ಸಲ ನೋಡಿದವನು ಮಂಜಿನಂಥ ಹಬೆ ನೋಡಿ ಮೋಸಹೋಗುವುದಿಲ್ಲ.

ಕನ್ನಡದಲ್ಲಿ ಯಾಕೆ ಬರೆದೆ ಅಂತ ಕೇಳಬಹುದು. ನಮ್ಮ ಕೈಗಾದಲ್ಲಿ ಈಗಿರುವ ನಾಲ್ಕು ಘಟಕಗಳೂ ಭಾರಜಲದವು, ಕುದಿನೀರಿನವಲ್ಲ. ಆದರೆ ಅಲ್ಲಿ ಕಟ್ಟುತ್ತಿರುವ 5 ಮತ್ತು 6ನೇ ಘಟಕಗಳು 700 ಮೆಗಾವ್ಯಾಟಿನವು. ಆ ಮಾದರಿಯಲ್ಲಿ ಸ್ಟೀಮ್ ಜನರೇಟರಿನ ಹಬೆಯನ್ನು ಮೇಲಿನ ತೊಟ್ಟಿಗೆ ಕಳಿಸಿ, ತಣಿಸಿ, ಪಂಪಿಲ್ಲದೆ ವಾಪಸ್ ತರುವ ವ್ಯವಸ್ಥೆ ಇದೆ. ಗುಜರಾತಿನ ಕಾಕ್ರಾಪಾರ್‌ನಲ್ಲಿ ಅಂಥವು ಈಗಾಗಲೇ ಓಡುತ್ತಿವೆ. ಅಂದರೆ ತಾರಾಪುರದ ತೊಟ್ಟಿಯ ತತ್ವವೇ ಕಾಳಿ ನದಿಯ ದಡಕ್ಕೂ ಬರುತ್ತಿದೆ. ಕೈಗಾದ 1ನೇ ಘಟಕ 2018ರಲ್ಲಿ 962 ದಿನ ನಿಲ್ಲದೆ ಓಡಿ ಜಗತ್ತಿನ ದಾಖಲೆ ಮಾಡಿದಾಗ ಇಲ್ಲಿ ಸಿಹಿ ಹಂಚಿದರು. ಹೆಮ್ಮೆಯೇ. ಆದರೆ ಚೆನ್ನಾಗಿ ಓಡುವ ಸ್ಥಾವರದಲ್ಲಿ ತುರ್ತು ವ್ಯವಸ್ಥೆಗೆ ಕೈ ಹಾಕುವ ಸಂದರ್ಭವೇ ಕಡಿಮೆ. ಅಲ್ಲಿ ಅಭ್ಯಾಸವನ್ನು ಬೇಕೆಂದೇ ಮಾಡಿಸಬೇಕು.

ವರದಿ ಮರಾಠಿಯಲ್ಲಿ ತಾರಾಪುರವಿರುವ ಪಾಲ್ಘರ್ ಜಿಲ್ಲೆಯವರಿಗೆ ಸಿಗಲಿ, ಕನ್ನಡದಲ್ಲಿ ನಮಗೆ. ಉದ್ದ ಬೇಡ. ಪರೀಕ್ಷೆಯ ದಿನ ತೊಟ್ಟಿಯಿಂದ ಗಂಟೆಗೆ ಎಷ್ಟು ನೀರು ಆವಿಯಾಯಿತು, ರಿಯಾಕ್ಟರ್ ನಿಲ್ಲಿಸಿ ಆಗ ಎಷ್ಟು ಹೊತ್ತಾಗಿತ್ತು, ಈ ಎರಡು ಅಂಕಿ ಕೊಟ್ಟರೂ ಸಾಕು. ಉಳಿದ ಲೆಕ್ಕವನ್ನು ನನ್ನ ವಿದ್ಯಾರ್ಥಿಗಳೇ ಮಾಡಿಕೊಳ್ಳುತ್ತಾರೆ.

ಇಂತಿ ನಿಮ್ಮ ವಿಶ್ವಾಸಿ,
ಹೀಟ್ ಟ್ರಾನ್ಸ್‌ಫರ್ ಪಾಠ ಮಾಡುವ ಒಬ್ಬ ಮೇಷ್ಟ್ರು
ಉತ್ತರ ಕನ್ನಡ